ದಡದಲ್ಲಿ ಕಬ್ಬಿಣದ ಹಾಸು ಇರಲಿಲ್ಲ

ಮೊದಲು ಇಳಿಯಬೇಕಾದ ಸರಕನ್ನು ಮೊದಲೇ ಇಳಿಸಿಬಿಡುತ್ತೇನೆ. ಆ ದಿನ ದಡದಲ್ಲಿ ಕಬ್ಬಿಣದ ಹಾಸು ಇರಲಿಲ್ಲ. ಅದು ಹಡಗಿನ ಹೊಟ್ಟೆಯ ಅಡಿಯಲ್ಲಿ ಬಿದ್ದಿತ್ತು. ಅಲ್ಲಿ ಹಾಕಿಸಿದವನು ನಾನು. ಹಸನಬ್ಬನ ಕಣ್ಣು ತಪ್ಪಿರಲಿಲ್ಲ.

ಇಷ್ಟನ್ನು ಎಲ್ಲಕ್ಕಿಂತ ಮೇಲೆ ಬರೆಯಬೇಕೆಂದು ಹೇಳಿದವನು ಹಸನಬ್ಬನೇ. ಉಳಿದದ್ದನ್ನು ನೆನಪು ಬಂದ ಹಾಗೆ ಬರೆಯುತ್ತೇನೆ.

ನಾನು ಗಂಗೊಳ್ಳಿಯವನು. ಹೆಸರು ಶ್ರೀನಿವಾಸ ಎಂದಿದ್ದರೂ ಹಡಗಿನಲ್ಲಿ ಎಲ್ಲರಿಗೂ ಶೀನ. ಹೈಸ್ಕೂಲು ಮುಗಿಸಿ ಬೊಂಬಾಯಿಗೆ ಹೋಗಿ ಹಡಗು ಹತ್ತಿದವನು ಕೂದಲು ಬೆಳ್ಳಗಾಗುವ ತನಕ ಇಳಿಯಲಿಲ್ಲ. ಕಡೆಯ ವರ್ಷಗಳನ್ನು ಒಮಾನಿನಲ್ಲೇ ಕಳೆದೆ. ಈಗ ಅಲ್ ಗುಬ್ರಾದಲ್ಲಿ ಮಗಳು ವಸಂತಿಯ ಮನೆಯಲ್ಲಿದ್ದೇನೆ. ಶುಕ್ರವಾರಗಳಂದು ನಮ್ಮ ಊರ ಕಡೆಯ ಕೆಲವರು ಬರುತ್ತಾರೆ. ಮಸೀರಾ ದ್ವೀಪಕ್ಕೂ ಖಸಬಿಗೂ ಸರಕು ಒಯ್ಯುವ, ಮೂತಿ ತೆರೆದು ನೇರ ಮರಳಿಗೇ ಸರಕು ಇಳಿಸುವ ಹಡಗುಗಳಿಗೆ ಹೊಸದಾಗಿ ಸೇರಿದವರು ಅವರು. "ಯುದ್ಧದ ಹಡಗಲ್ಲಿ ಇದ್ರಂತಲ್ಲ, ಹೇಳಿ" ಎಂದು ಕೇಳುತ್ತಾರೆ. ಅವರಿಗೆ ಬೇಕಾದದ್ದು ಗುಂಡು, ಬಾಂಬುಗಳ ಕತೆ. ನಾನು ಗುಂಡಿನ ಸದ್ದನ್ನೇ ಕೇಳಿದವನಲ್ಲ. ಯುದ್ಧದಲ್ಲಿ ನಾನು ಮಾಡಿದ ಕೆಲಸವೆಂದರೆ ಪೆಟ್ಟಿಗೆ ಏರಿಸುವುದು, ಪೆಟ್ಟಿಗೆ ಇಳಿಸುವುದು.

ಕೊಲ್ಲಿಯಲ್ಲಿ ಯುದ್ಧ ಶುರುವಾದಾಗ ನಮ್ಮ ಮಾಲೀಕರು ತಮ್ಮ ಹಳೆಯ ಸರಕು ಹಡಗನ್ನು ಒಂದು ನೌಕಾದಳಕ್ಕೆ ಬಾಡಿಗೆಗೆ ಕೊಟ್ಟರು. ಹಡಗಿನ ಜೊತೆ ನಾವೂ ಹೋದೆವು. ಡೆಕ್ಕಿನ ಮೇಲೆ ನಾಲ್ಕು ಚಪ್ಪಟೆ ದೋಣಿಗಳು ಬಂದು ಕೂತವು. ಅವುಗಳ ಮುಂಭಾಗ ಬಾಗಿಲಿನಂತೆ ಕೆಳಗೆ ಬೀಳುತ್ತದೆ. ಜೆಟ್ಟಿಯಿಲ್ಲದ ಕಡೆ ಹಡಗು ದೂರದಲ್ಲಿ ಲಂಗರು ಹಾಕಬೇಕು, ದೋಣಿಗಳನ್ನು ನೀರಿಗಿಳಿಸಬೇಕು, ದೋಣಿಗೆ ಸರಕು ಇಳಿಸಬೇಕು, ದೋಣಿ ಹೋಗಿ ಮರಳಿಗೆ ಮೂತಿ ಇಟ್ಟು ಬಾಗಿಲು ಬೀಳಿಸಬೇಕು. ಇದೇ ಕೆಲಸ. ಬೆನ್ನ ಮೇಲೆ ಕರುಗಳನ್ನು ಹೊತ್ತಂತೆ ಕಾಣುತ್ತಿದ್ದುದರಿಂದ ಹಸನಬ್ಬ ನಮ್ಮ ಹಡಗಿಗೆ "ಎಮ್ಮೆ" ಎಂದು ಹೆಸರಿಟ್ಟ. ಆಮೇಲೆ ಅದರ ನಿಜವಾದ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಹಸನಬ್ಬ ಉಳ್ಳಾಲದ ಬ್ಯಾರಿ. ದೋಣಿಯ ಚುಕ್ಕಾಣಿ ಹಿಡಿಯುವವನು, ನಮ್ಮ ಭಾಷೆಯಲ್ಲಿ ಸುಕ್ಕಾಣಿ. ನಾನು ತಂಡೇಲ, ಅಂದರೆ ಹಡಗಿನ ಸರಕಿನ ಕೋಣೆಯಾದ ಹ್ಯಾಚಿನ ಬಾಯಲ್ಲಿ ನಿಂತು, ಯಾವ ಸರಕು ಎಲ್ಲಿ ಕೂರಬೇಕೆಂದು ಆಳುಗಳಿಗೂ ಸರಕು ಎತ್ತಿಳಿಸುವ ವಿಂಚಿನವನಿಗೂ ಕೈಸನ್ನೆ ಮಾಡುವವನು. ಅವನ ಬ್ಯಾರಿ ಭಾಷೆ ನನಗೆ ಬಾರದು, ನನ್ನ ಕುಂದಾಪುರದ ಕನ್ನಡ ಅವನಿಗೆ ನಗು. "ಏನೋ ನುಂಗಿದ ಹಾಗೆ ಮಾತಾಡ್ತಿಯಲ್ಲ ಮಾರಾಯ, ಪೂರ್ತಿ ಹೇಳಿದ್ರೆ ದುಡ್ಡು ಹೋಗ್ತದಾ?" ಎನ್ನುತ್ತಿದ್ದ. ನೀರನ್ನು ಓದುವುದರಲ್ಲಿ ಅವನ ಸಮಾನರನ್ನು ನಾನು ಮತ್ತೆ ಕಾಣಲಿಲ್ಲ. ಅಲೆ ಒಡೆಯುವ ಬಣ್ಣ ನೋಡಿಯೇ ಕೆಳಗೆ ಮರಳು ಗಟ್ಟಿಯೋ ಮೆತ್ತಗೋ ಹೇಳುತ್ತಿದ್ದ. "ಹೇಗೆ ಗೊತ್ತಾಯ್ತ್?" ಎಂದರೆ, "ನಿನ್ನ ಹೆಂಡ್ತಿಗೆ ಸಿಟ್ಟು ಬಂದದ್ದು ನಿಂಗೆ ಹೇಗೆ ಗೊತ್ತಾಗ್ತದೆ, ಹಾಗೇ" ಎಂದು ನಗುತ್ತಿದ್ದ.

ಹಡಗಿನ ಬದುಕು ಹೇಗಿತ್ತೆಂದರೆ, ನಾವು ಮಲಗುವ ಕೋಣೆಯ ಕೆಳಗೆ ಪೆಟ್ರೋಲಿನ ಪೀಪಾಯಿಗಳು. ಬೀಡಿ ಸೇದಬೇಕಾದರೆ ಹಿಂಭಾಗದ ತುದಿಗೆ ಹೋಗಬೇಕು, ಅಲ್ಲೂ ಒಬ್ಬ ಕಾವಲಿನವನು ಕಣ್ಣಲ್ಲಿ ಕಣ್ಣಿಟ್ಟು ನಿಂತಿರುತ್ತಿದ್ದ. ಹ್ಯಾಚಿನೊಳಗೆ ಇಳಿದರೆ ಬಿಸಿಲಿಗೆ ಕಾದ ಕಬ್ಬಿಣದ ಗೋಡೆ ಮುಟ್ಟುವಂತಿರಲಿಲ್ಲ. ಲಂಗರು ಹಾಕಿ ಅಲೆಯ ಮೇಲೆ ಅಡ್ಡಡ್ಡ ಹೊರಳುವಾಗ ತೂಗುವ ಸರಕು ಯಾರ ಕಡೆ ಬರುತ್ತದೋ ತಿಳಿಯದು. ಕಾಯುವುದೇ ದೊಡ್ಡ ಶಿಕ್ಷೆ. ವಾರಗಟ್ಟಲೆ ಎಲ್ಲಿಗೂ ಹೋಗದೆ ನೀರಿನ ಮೇಲೆ ನಿಂತಿರುತ್ತಿದ್ದೆವು. ಮತ್ತೆ ಒಂದು ಬೆಳಿಗ್ಗೆ ಎಲ್ಲವೂ ಆಗಲೇ ಆಗಬೇಕು.

ಯುದ್ಧದ ಹಡಗಿಗೆ ಸರಕು ತುಂಬುವ ರೀತಿಯೇ ಬೇರೆ. ನಾವು ಕಲಿತದ್ದು ವ್ಯಾಪಾರದ ಹಡಗಿನಲ್ಲಿ. ಅಲ್ಲಿ ಭಾರದ್ದು ಅಡಿಗೆ, ಹಗುರದ್ದು ಮೇಲಕ್ಕೆ. ನಡುವೆ ಕೈ ತೂರುವಷ್ಟೂ ಸಂದು ಉಳಿಯಬಾರದು. ಸಂದು ಬಿಟ್ಟ ತಂಡೇಲನನ್ನು ಮನೆ ಕಟ್ಟಲು ಬಾರದ ಮೇಸ್ತ್ರಿಯಂತೆ ನೋಡುತ್ತಿದ್ದರು. ಯುದ್ಧದ ಹಡಗಿನಲ್ಲಿ ಆ ಲೆಕ್ಕವೇ ಇಲ್ಲ. ದಡದಲ್ಲಿ ಮೊದಲು ಏನು ಬೇಕೋ ಅದನ್ನು ಕೊನೆಯಲ್ಲಿ ತುಂಬಬೇಕು. ಅದು ಎಷ್ಟೇ ಭಾರವಿರಲಿ, ಎಲ್ಲದರ ಮೇಲೆ ಕೂರಬೇಕು. ಸಂದು ಉಳಿದರೆ ಉಳಿಯಲಿ, ಹಗ್ಗ ಕಟ್ಟಿ ಬಿಗಿ ಮಾಡಿದರಾಯಿತು.

ಇದನ್ನು ಕಲಿಸಲು ನೌಕಾದಳದ ಒಬ್ಬ ಅಧಿಕಾರಿ ನಮ್ಮ ಹಡಗಿನಲ್ಲೇ ಇದ್ದರು. ಕಡಿಮೆ ಮಾತಿನ ಪರದೇಶಿ. ಬಣ್ಣದ ಡಬ್ಬಿ ಹಿಡಿದು ಪ್ರತಿ ಪೆಟ್ಟಿಗೆಗೂ ಪಟ್ಟೆ ಬಳಿಸುತ್ತಿದ್ದರು. ಕೆಂಪು ಪಟ್ಟೆ ಮೊದಲ ದೋಣಿಗೆ, ಹಳದಿ ಅದರ ನಂತರ, ನೀಲಿ ಕೊನೆಗೆ. ನಾವು ಅವರನ್ನು ಪಟ್ಟೆ ಸಾಹೇಬರು ಎನ್ನುತ್ತಿದ್ದೆವು. ನಮ್ಮ ಚೀಫ್ ಆಫೀಸರಿಗೆ, ಅಂದರೆ ಬಡಾ ಮಾಲಿಮ್‌ಗೆ, ಇವರನ್ನು ಕಂಡರಾಗದು. "ಅರ್ಧ ಹಡಗು ಖಾಲಿ ಇಟ್ಕೊಂಡು ಹೋಗೋದು ಯಾವ ಸೀಮೆ ಲೋಡಿಂಗ್?" ಎಂದು ನಮ್ಮೆದುರೇ ಗೊಣಗುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತಿತ್ತು. ಮೇಲಿನವರ ಗೊಣಗಾಟ ಕೆಳಗಿನವರಿಗೆ ಅಪ್ಪಣೆಯಾಗಿ ಕೇಳಿಸುವುದುಂಟು, ನೋಡಿ.

ಮೊದಲ ಅಭ್ಯಾಸದ ದಿನ ಒಂದು ತಮಾಷೆ ನಡೆಯಿತು. ನಮ್ಮ ಅಡುಗೆಯ ಭಂಡಾರಿ ತನ್ನ ಈರುಳ್ಳಿ ಮೂಟೆಗಳು ಕಳುವಾಗಬಾರದೆಂದು ಯಾರಿಗೂ ಹೇಳದೆ ಅವುಗಳಿಗೂ ಕೆಂಪು ಬಣ್ಣ ಹಚ್ಚಿಟ್ಟಿದ್ದ. ಆಳುಗಳು ಪಟ್ಟೆ ನೋಡಿದರು, ಇಳಿಸಿದರು. ಬಂದೂಕು ಹಿಡಿದ ಸೈನಿಕರು ದಡಕ್ಕೆ ಹಾರಿ ಮರಳಿನಲ್ಲಿ ಮಲಗಿದರೆ, ಅವರ ಹಿಂದೆಯೇ ಈರುಳ್ಳಿ ಬಂದಿಳಿಯಿತು. ಹಸನಬ್ಬ ದೋಣಿಯಿಂದ ಕೂಗಿದ: "ಶೀನಾ, ಶತ್ರುಗಳ ಕಣ್ಣಲ್ಲಿ ನೀರು ಬರ್ಸ್ಲಿಕ್ಕಾ ಇದು?" ಪಟ್ಟೆ ಸಾಹೇಬರು ನಗಲಿಲ್ಲ. ಒಂದು ಈರುಳ್ಳಿಯನ್ನು ಎತ್ತಿಕೊಂಡು ಬಂದು ನನ್ನ ಕೈಗಿಟ್ಟು, "ಇದರ ಜಾಗದಲ್ಲಿ ಇನ್ನೇನೋ ಬರಬೇಕಿತ್ತು, ತಂಡೇಲ್" ಎಂದರು, ಅಷ್ಟೇ. ನಾನು ಅದನ್ನು ಪಾಠವಾಗಿ ತೆಗೆದುಕೊಳ್ಳಲಿಲ್ಲ. ಭಂಡಾರಿಯನ್ನು ಬೈದು ಮುಗಿಸಿದೆ.

ಹಾಸಿನ ವಿಷಯಕ್ಕೆ ಬರುತ್ತೇನೆ. ತೂತು ತೂತಾದ ಕಬ್ಬಿಣದ ಪಟ್ಟಿಗಳನ್ನು ಕೊಂಡಿ ಹಾಕಿ ಚಾಪೆಯಂತೆ ಸುತ್ತಿಟ್ಟಿರುತ್ತಾರೆ. ದೋಣಿಯ ಬಾಗಿಲು ಬೀಳುವ ಜಾಗದಿಂದ ಗಟ್ಟಿ ನೆಲದವರೆಗೆ ಅದನ್ನು ಹಾಸಿದರೆ ಲಾರಿಯ ಚಕ್ರ ಹೂಳುವುದಿಲ್ಲ. ಅದು ಮೊದಲ ದೋಣಿಯಲ್ಲಿ ಹೋಗಬೇಕು. ಅಂದರೆ ಹ್ಯಾಚಿಗೆ ಕೊನೆಯಲ್ಲಿ ಇಳಿಯಬೇಕು.

ಆ ಸಲ ಬಂದರಿನಲ್ಲಿ ತುಂಬುವಾಗ ಹಾಸಿನ ಸುರುಳಿಗಳು ಎಲ್ಲಕ್ಕಿಂತ ಮುಂಚೆ ಬಂದು ಧಕ್ಕೆಯ, ಅಂದರೆ ಹಡಗುಕಟ್ಟೆಯ, ಮೇಲೆ ಬಿದ್ದವು. ಅವುಗಳ ಸುತ್ತ ಹೋಗಿ ಬಂದು ಆಳುಗಳಿಗೆ ಸಾಕಾಯಿತು. ಹ್ಯಾಚಿನ ತಳದಲ್ಲಿ ಒಂದು ಉದ್ದನೆಯ ಸಂದು ಇತ್ತು, ಸುರುಳಿಗಳಿಗೆಂದೇ ಅಳತೆ ಮಾಡಿ ಬಿಟ್ಟಂತೆ. ಪಟ್ಟೆ ಸಾಹೇಬರು ದಡದ ಕಚೇರಿಗೆ ಹೋಗಿದ್ದರು. ಭಾರದ್ದು ಅಡಿಗೆ, ಸಂದು ಉಳಿಯಬಾರದು: ಕೈ ಕಲಿತದ್ದನ್ನು ಕೈ ಮಾಡಿತು. ಸುರುಳಿಗಳನ್ನು ತಳಕ್ಕೆ ಇಳಿಸಿದೆ. ಎಷ್ಟು ಚೆನ್ನಾಗಿ ಕೂತವೆಂದರೆ ಬಡಾ ಮಾಲಿಮ್ ಮೇಲಿಂದ ಇಣುಕಿ, "ಶಾಬ್ಬಾಸ್ ತಂಡೇಲ್, ಇದಪ್ಪಾ ಕೆಲಸ" ಎಂದರು. ಕೊನೆಗೆ ಮೇಲಿನ ಒಂದೆರಡು ಪೆಟ್ಟಿಗೆ ಸರಿಸಿ ಸುರುಳಿಗಳನ್ನು ಹೊರಗೆಳೆದುಕೊಂಡರಾಯಿತು ಎಂದುಕೊಂಡೆ. ಅವುಗಳ ಮೇಲೆ ಪೆಟ್ಟಿಗೆಗಳು ಬಂದವು, ಪೆಟ್ಟಿಗೆಯ ಮೇಲೆ ಜನರೇಟರುಗಳು ಬಂದವು. ಮರೆತೆ ಎಂದು ಹೇಳಲಾರೆ. ನೆನಪಿತ್ತು. ಹೇಳಿದರೆ ಎಲ್ಲವನ್ನೂ ತೆಗೆಸುತ್ತಾರೆಂದು ಸುಮ್ಮನಿದ್ದೆ.

ಮಸೀರಾ ದ್ವೀಪದ ಎದುರಿನ ದಡಕ್ಕೆ ಬಂದು ಲಂಗರು ಹಾಕಿದೆವು. ದಡದಲ್ಲಿ ಬೀಡುಬಿಟ್ಟವರಿಗೆ ಕುಡಿಯುವ ನೀರಿನ ಟ್ಯಾಂಕರ್ ಲಾರಿ ತುರ್ತಾಗಿ ಬೇಕಿತ್ತು. ಬಾವುಟ ನೆಟ್ಟು ಜಾಗ ತೋರಿಸುವ ಸೈನಿಕರನ್ನು ಹೊತ್ತು ಮೊದಲ ದೋಣಿ ಹೊರಟಿತು. ಅವರು ಹಾಸು ಕೇಳಿದರು. "ಮುಂದಿನ ದೋಣಿಯಲ್ಲಿ" ಎಂದು ಸನ್ನೆ ಮಾಡಿದೆ. ಅವರು ಹೋದ ಮೇಲೆ ಜನರೇಟರು ಸರಿಸಲು ಆಳುಗಳನ್ನು ಹ್ಯಾಚಿಗೆ ಇಳಿಸಿದೆ. ಅದು ಆಗುವ ಕೆಲಸವಲ್ಲ ಎಂದು ಕೆಳಗಿಳಿದ ಮೇಲೆಯೇ ತಿಳಿಯಿತು. ಅಷ್ಟರಲ್ಲಿ ಬಡಾ ಮಾಲಿಮ್ ಕೂಗಿದರು: "ಎ ತಂಡೇಲ್! ಪಾನಿಗಾಡಿ ಉತಾರೋ! ಯಲ್ಲಾ, ಯಲ್ಲಾ!"

ಲಾರಿಯನ್ನು ಹಸನಬ್ಬನ ದೋಣಿಗೆ ಇಳಿಸಿದೆವು. ದೋಣಿ ಹಡಗಿನ ಪಕ್ಕದಲ್ಲಿ ಏಳುತ್ತಿತ್ತು, ಬೀಳುತ್ತಿತ್ತು. ಅವನು ಚುಕ್ಕಾಣಿ ಹಿಡಿದು ತಲೆಯೆತ್ತಿ ಕೇಳಿದ.

"ಶೀನಾ, ಹಾಸು ಹೋಯ್ತಾ?"

ಪಟ್ಟೆ ಸಾಹೇಬರು ಮೇಲೆ ಬ್ರಿಜ್ಜಿನಲ್ಲಿದ್ದರು. ಬಡಾ ಮಾಲಿಮ್ ನನ್ನ ಬೆನ್ನ ಹಿಂದೆಯೇ ಇದ್ದರು.

"ಹೋಯ್ತ್ ಮಾರಾಯಾ, ಹೋಗ್!" ಎಂದೆ.

ಅವನು ಕೈಯೆತ್ತಿ ಹೊರಟ.

ಒದ್ದೆ ಮರಳಿನ ಮೇಲೆ ಬಿಸಿಲು ಬಿದ್ದಾಗ ಹಾಸು ಇದ್ದರೂ ದೂರದಿಂದ ಕಾಣುವುದಿಲ್ಲ. ಕಾಣುವುದು ಬಾವುಟ ಮಾತ್ರ. ದಡದವರು ಎರಡೂ ಕೈ ಬೀಸಿದರು. ಬೇಡ ಎಂದು ಬೀಸಿದ್ದು ಅದು. ಹಾಸು ಬಿದ್ದಿದೆಯೆಂದು ನಂಬಿದವನಿಗೆ ಅದು 'ಬಾ' ಎಂದೇ ಕಂಡಿತು. ಬಾವುಟಗಳ ನಡುವೆ ನೂಲು ಹಿಡಿದಂತೆ ನೇರವಾಗಿ ಹೋಗಿ ದೋಣಿಯ ಮೂತಿಯನ್ನು ಮರಳಿಗಿಟ್ಟು ಬಾಗಿಲು ಬೀಳಿಸಿದ. ಲಾರಿ ಮುಂದೆ ಹೋಯಿತು. ಮುಂದಿನ ಚಕ್ರ ಅಚ್ಚಿನವರೆಗೆ ಹೂತುಹೋಯಿತು, ಹಿಂದಿನ ಚಕ್ರ ಬಾಗಿಲ ಮೇಲೆಯೇ ಉಳಿಯಿತು. ದೋಣಿ ಹಿಂದೆ ಬರುವಂತಿಲ್ಲ. ಅಲೆ ಬಂದು ಹಿಂಭಾಗವನ್ನು ಪಕ್ಕಕ್ಕೆ ತಳ್ಳತೊಡಗಿತು. ಹಸನಬ್ಬ ಚುಕ್ಕಾಣಿಯನ್ನು ಜೊತೆಯವನ ಕೈಗೆ ಕೊಟ್ಟು ಲಾರಿಯನ್ನು ಬಿಡಿಸಲು ಮುಂದಕ್ಕೆ ಓಡಿದ. ದೋಣಿ ಅಲೆಯ ಮೇಲೆ ಎದ್ದಾಗ ಬಾಗಿಲೂ ಎದ್ದಿತು. ಇಳಿದಾಗ ಅವನ ಎಡಗಾಲ ಪಾದದ ಮೇಲೆ ಇಳಿಯಿತು.

ಇದನ್ನೆಲ್ಲ ನಾನು ಹಡಗಿನಿಂದ ನೋಡಿದೆ. ಸದ್ದು ಕೇಳಿಸುವಷ್ಟು ಹತ್ತಿರವಿರಲಿಲ್ಲ.

ಪ್ರಜ್ಞೆ ತಪ್ಪಿದ ಅವನನ್ನು ಹೆಲಿಕಾಪ್ಟರಿನಲ್ಲಿ ಒಯ್ದರು. ಆಮೇಲೆ ಎಲ್ಲ ಸರಕನ್ನೂ ಡೆಕ್ಕಿನ ಮೇಲೆ ಎತ್ತಿಹಾಕಿ ಸುರುಳಿಗಳನ್ನು ತೆಗೆದು ದಡಕ್ಕೆ ಕಳಿಸಿದೆವು. ತಳದಿಂದ ಅವು ಮೇಲೆ ಬರುವುದನ್ನು ಪಟ್ಟೆ ಸಾಹೇಬರು ನಿಂತು ನೋಡಿದರು. ನನ್ನ ಮುಖವನ್ನೂ ನೋಡಿದರು. ಬೈಯಲಿಲ್ಲ. ಮರುದಿನ ಅವರೂ ದಡದ ಸೈನಿಕರೂ ಬೇರೆ ಹಡಗಿಗೆ ಹೋದರು. ತಮ್ಮವರ ಬಳಿ ಏನು ಹೇಳಿದರೋ, ನಮ್ಮ ಮಾಲೀಕರವರೆಗೆ ಬರಲಿಲ್ಲ.

ಮಾಲೀಕರ ಕಡೆಯವರು ವಿಚಾರಣೆಗೆ ಬಂದಾಗ ಮರಳಿನ ಮೇಲೆ ಹಾಸು ಅಚ್ಚುಕಟ್ಟಾಗಿ ಬಿದ್ದಿತ್ತು. ಲಾರಿ ಹೂತ ಗುಂಡಿಯನ್ನು ಬಿಟ್ಟು ಅದರ ಪಕ್ಕದಲ್ಲಿ ಹಾಸಿದ್ದರು. "ಹಾಸು ದಡದಲ್ಲಿತ್ತೇ?" ಎಂದು ಕೇಳಿದರು. "ಇತ್ತು ಸಾರ್, ನೀವೇ ನೋಡಿದ್ರಲ್ಲ" ಎಂದೆ. ಬಡಾ ಮಾಲಿಮ್ ನೆಲ ನೋಡುತ್ತಿದ್ದರು. ಸುಕ್ಕಾಣಿ ಹಾಸು ಬಿಟ್ಟು ಪಕ್ಕದಲ್ಲಿ ದೋಣಿ ತಾಗಿಸಿದ ಎಂದು ತೀರ್ಮಾನವಾಯಿತು. ಎಡಗಾಲು ಊನವಾದ ಹಸನಬ್ಬನನ್ನು ಆಸ್ಪತ್ರೆಯಿಂದಲೇ ಊರಿಗೆ ಕಳಿಸಿದರು. ಮತ್ತೆ ಅವನು ಹಡಗು ಹತ್ತಲಿಲ್ಲ.

ನಾನು ಹತ್ತಿದೆ. ಸಾರಂಗನೂ, ಅಂದರೆ ಡೆಕ್ಕಿನ ಆಳುಗಳೆಲ್ಲರ ಮೇಲಿನವನೂ, ಆದೆ. ಅದನ್ನು ಬರೆಯಲು ಮನಸ್ಸಿಲ್ಲ.

ನಂತರ ಕೆಲಸದ ರೀತಿ ಬಹಳ ಬದಲಾಯಿತು. ಸರಕು ಎತ್ತುವ ಡೆರಿಕ್ ಕಂಬ ಹೋಗಿ ಕ್ರೇನ್ ಬಂತು, ಸರಕಿನ ಬಲೆ ಹೋಗಿ ಕಂಟೇನರ್ ಬಂತು. ಮಸೀರಾಕ್ಕೆ ಹೋಗುವ ಹಡಗಿಗೆ ಈಗ ಲಾರಿಗಳು ತಾವೇ ಹತ್ತಿ ತಾವೇ ಇಳಿಯುತ್ತವೆ. ಯಾವ ಪೆಟ್ಟಿಗೆ ಎಲ್ಲಿದೆಯೆಂದು ಕೈಯಲ್ಲಿರುವ ಟ್ಯಾಬ್ ಹೇಳುತ್ತದೆ. ಶುಕ್ರವಾರ ಬರುವ ಹೊಸಬರಲ್ಲಿ ಒಬ್ಬನಂತೂ "ಇನ್ನು ತಂಡೇಲ ಬೇಡ್ವೇ ಬೇಡ ಮಾವ" ಎಂದು ನನ್ನೆದುರೇ ನಕ್ಕ. ಇರಬಹುದು. ಕೆಳಗೆ ದೋಣಿಯಲ್ಲಿ ನಿಂತವನು ತಲೆಯೆತ್ತಿ ಕೇಳಿದಾಗ ಮೇಲಿನವನು ಏನು ಉತ್ತರ ಕೊಡುತ್ತಾನೆ ಎಂಬುದು ಮಾತ್ರ ಟ್ಯಾಬಿಗೆ ಸೇರಿದ್ದಲ್ಲ.

ಹೋದ ಚಳಿಗಾಲದಲ್ಲಿ ವಸಂತಿ ಕುಚ್ಚಲಕ್ಕಿ ತರಲು ಅಲ್ ಹೈಲಿನ ಒಂದು ಅಂಗಡಿಗೆ ಕಾರು ನಿಲ್ಲಿಸಿದಳು. ಬಾಗಿಲ ಪಕ್ಕದಲ್ಲಿ ಕುರ್ಚಿ ಹಾಕಿ ಒಬ್ಬ ಮುದುಕ ಕೂತಿದ್ದ, ಕೈಯಲ್ಲಿ ಕೋಲು. ನಾನು ಮುಖ ತಿರುಗಿಸುವಷ್ಟರಲ್ಲಿ ಅವನೇ ಕೂಗಿದ.

"ಗಂಗೊಳ್ಳಿ ಶೀನ ಅಲ್ವಾ ನೀನು? ಮಾತು ನುಂಗುವವ?"

ಎದ್ದು ನಿಂತು ತಬ್ಬಿಕೊಂಡ. ಮಗ ಇಕ್ಬಾಲನನ್ನು ಕರೆದು, "ಇವ ನನ್ನ ಹಡಗಿನ ದೋಸ್ತಿ. ಚಾ ತರ್ಸು" ಎಂದ. ಅಂಗಡಿ ಇಕ್ಬಾಲನದು. ತಾಯಿ ತೀರಿಕೊಂಡ ಮೇಲೆ ಅಪ್ಪನನ್ನು ಇಲ್ಲಿಗೇ ಕರೆಸಿಕೊಂಡಿದ್ದ.

ಆಮೇಲೆ ಒಂದು ವಾರವೂ ಬಿಡದೆ ಹೋದೆ. ಹೋಗುವಾಗ ಪ್ರತಿ ಸಲವೂ ಹೇಳಿಬಿಡುತ್ತೇನೆ ಎಂದುಕೊಳ್ಳುವುದು, ಬರುವಾಗ ಚಹಾ ಕುಡಿದು ಬರುವುದು. ಅವನಿಗೆ ನನ್ನ ಮೇಲೆ ಏನೂ ಇರಲಿಲ್ಲ, ಅದೇ ಕಷ್ಟವಾಯಿತು. ಕಾಲಿನ ಬಗ್ಗೆಯೂ ನಗುತ್ತಲೇ ಮಾತಾಡುತ್ತಿದ್ದ. ಒಂದು ದಿನ ಅವನು ಒಳಗೆ ನಮಾಜಿಗೆ ಹೋದಾಗ ಇಕ್ಬಾಲ್ ಹೇಳಿದ, ಅಪ್ಪನನ್ನು ಅವನು ಉಪ್ಪ ಎನ್ನುತ್ತಾನೆ:

"ಅಂಕಲ್, ಉಪ್ಪನಿಗೆ ಊರಲ್ಲಿ ಅವರ ತಮ್ಮ ದೋಣಿ ಕೊಡ್ತೇನೆ ಅಂದಿದ್ರು. ಕಾಲು ಹೋದ್ರೂ ಚುಕ್ಕಾಣಿ ಹಿಡಿಲಿಕ್ಕೆ ಆಗ್ತಿತ್ತಲ್ಲ. ತಗೊಳ್ಳಿಲ್ಲ. 'ನಂಗೆ ಕಣ್ಣು ಸರಿ ಇಲ್ಲ, ಅಷ್ಟು ದೊಡ್ಡ ಹಾಸು ಕಾಣ್ಲಿಲ್ಲ, ಜನರನ್ನು ಮುಳುಗ್ಸ್ತೇನೆ' ಅಂತ. ಡಾಕ್ಟ್ರು ನೋಡಿದ್ರು, ಕಣ್ಣಿಗೆ ಎಂತ ಆಗ್ಲಿಲ್ಲ. ಈಗ್ಲೂ ಹಾಗೇ. ಗಾಡಿ ರಿವರ್ಸ್ ತೆಗಿವಾಗ ಹಿಂದೆ ನಿಂತು ನೋಡಿ ಅಂದ್ರೆ, 'ನಂಗೆ ಹೇಳ್ಬೇಡ, ಬೇರೆಯವರನ್ನು ಕರಿ' ಅಂತಾರೆ."

ನಾನು ಅವನ ಕಾಲು ತೆಗೆದೆ ಎಂದುಕೊಂಡಿದ್ದೆ. ತೆಗೆದದ್ದು ಕಣ್ಣು.

ಹಸನಬ್ಬ ಹೊರಗೆ ಬಂದ. ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಶಟರ್ ಅರ್ಧ ಇಳಿಸಿದ್ದರು. ನಾನು ಕೂತಲ್ಲೇ ಹೇಳಿದೆ.

"ಹಸನಬ್ಬ, ಹಾಸು ಅಲ್ಲಿ ಇರ್ಲಿಲ್ಲೆ."

"ಎಲ್ಲಿ?"

"ದಡದಲ್ಲಿ. ನೀನು ಹೋಗುವಾಗ ಹ್ಯಾಚಿನ ಅಡಿಯಲ್ಲಿ ಇದ್ದಿತ್. ನಾನೇ ಹಾಕ್ಸಿದ್ದ್. ನಿಂಗೆ ಸುಳ್ಳು ಹೇಳ್ದೆ. ಅವ್ರು ಬಂದು ನೋಡಿದ ಹಾಸು ಆಮೇಲೆ ಹೋದ್ದ್."

ಅವನು ಕೋಲನ್ನು ಮಂಡಿಯ ಮೇಲೆ ಅಡ್ಡ ಇಟ್ಟುಕೊಂಡ. ಬೈಯಲಿ, ಹೊಡೆಯಲಿ, ಏನಾದರೂ ಮಾಡಲಿ ಎಂದು ಕಾದೆ.

"ಹಾಗಾದ್ರೆ ನಾನು ಸರಿಯಾದ ಜಾಗಕ್ಕೇ ಹೋದದ್ದಾ?"

"ಬಾವುಟದ ನಡುವೆ. ಸ್ವಲ್ಪವೂ ಆಚೀಚೆ ಇಲ್ಲ. ನಾನು ಮೇಲಿಂದ ಕಂಡೆ."

"ಕಂಡೆ," ಎಂದ ಅವನು. "ಇಷ್ಟು ವರ್ಷ ಕಂಡದ್ದನ್ನು ಇಟ್ಕೊಂಡಿದ್ದಿಯಲ್ಲ, ಮಾರಾಯ." ಮತ್ತೆ ಮಗನ ಕಡೆ ತಿರುಗಿ, "ಇಕ್ಬಾಲ್, ಕೇಳಿದಿಯಾ? ಇನ್ನೊಮ್ಮೆ ಹೇಳು ಶೀನಾ. ಅವನ ಮುಖ ನೋಡಿ ಹೇಳು."

ಇಕ್ಬಾಲನ ಮುಖ ನೋಡಿ ಇನ್ನೊಮ್ಮೆ ಹೇಳಿದೆ. ಅವನು ನನ್ನ ಎದುರಿದ್ದ ಚಹಾದ ಲೋಟವನ್ನು ತೆಗೆದುಕೊಂಡು ಒಳಗೆ ಹೋದ. ಅದು ಇನ್ನೂ ತುಂಬಿತ್ತು.

ಕ್ಷಮಿಸು ಎಂದೆ. ಹಸನಬ್ಬ ಕೋಲನ್ನು ನೆಲಕ್ಕೆ ಊರಿ ಹೇಳಿದ: "ನೀನು ಎಂತದೋ ಬರಿತೇನೆ ಅಂತ ಹೇಳ್ತಿದ್ದಿಯಲ್ಲ, ಹೊಸಬರಿಗೆ. ಅದರಲ್ಲಿ ಇದನ್ನು ಬರಿ. ಅಡಿಗೆ ಹಾಕ್ಬೇಡ. ನಿನ್ನ ಬುದ್ಧಿ ನಂಗೆ ಗೊತ್ತುಂಟು. ಮೇಲೆ ಇಡು. ಅದು ಮೊದ್ಲು ಇಳಿಬೇಕು."

ಆಮೇಲೆ ಸಮುದ್ರಕ್ಕೆ ಹೋಗಬೇಕೆಂದ. ಇಕ್ಬಾಲ್ ಅಂಗಡಿಯ ಪಿಕಪ್ ತಂದ. ಹಸನಬ್ಬನೇ "ಹತ್ತು" ಎಂದದ್ದರಿಂದ ನಾನೂ ಹತ್ತಿದೆ. ಅಲ್ ಹೈಲಿನ ದಡದಲ್ಲಿ ಒಮಾನಿ ಮೀನುಗಾರರು ದೋಣಿಗಳನ್ನು ಮರಳಿಗೆ ತರುತ್ತಿದ್ದರು. ಹಸನಬ್ಬ ಕೋಲೂರಿ ನಿಂತು ಅಲೆಗಳನ್ನು ನೋಡಿದ. ಒಂದು ದೋಣಿ ಹೊರಗೆ ಕಾಯುತ್ತಿತ್ತು. "ಈಗ ಬೇಡ," ಎಂದ ತನ್ನಷ್ಟಕ್ಕೇ. "ಇದು ಹೋಗ್ಲಿ. ಆ ಪಚ್ಚೆ ಉಂಟಲ್ಲ, ಅದರ ಬಲಕ್ಕೆ. ಹಾಂ, ಈಗ." ದೋಣಿಯವನಿಗೆ ಅವನ ಮಾತು ಕೇಳಿಸುವಂತಿರಲಿಲ್ಲ. ಆದರೂ ದೋಣಿ ಆಗಲೇ ಹೊರಟಿತು, ಪಚ್ಚೆ ನೀರಿನ ಬಲಕ್ಕೇ ಬಂದು ಮರಳನ್ನು ತಾಗಿತು.

ಹೊರಡುವ ಹೊತ್ತಾಯಿತು. ನಾವು ಬಂದ ದಾರಿಯಲ್ಲಿ ಮೀನಿನ ಲಾರಿಗಳು ಬಂದು ನಿಂತಿದ್ದವು. ಪಿಕಪ್ ಹಿಂದಕ್ಕೆ ತೆಗೆಯಲು ಎರಡು ದೋಣಿಗಳ ನಡುವಿನ ಸಂದು ಮಾತ್ರ ಇತ್ತು. ಇಕ್ಬಾಲ್ ಕಿಟಕಿಯಿಂದ ತಲೆ ಹೊರಹಾಕಿ ನನ್ನನ್ನು ನೋಡಿದ. ಹಿಂದೆ ನಿಂತು ದಾರಿ ತೋರಿಸೆಂದು ಕೇಳಲು ಅವನಿಗೆ ನಾನು ಬೇಡವಾಗಿದ್ದೆ, ಬೇರೆ ಯಾರೂ ಇರಲಿಲ್ಲ.

ಹಸನಬ್ಬ ಕುಂಟುತ್ತ ಹೋಗಿ ಗಾಡಿಯ ಹಿಂದೆ ನಿಂತ. ಕೋಲನ್ನು ನನ್ನ ಕೈಗೆ ಕೊಟ್ಟು ಎರಡೂ ಕೈ ಎತ್ತಿದ.

"ಬಾ. ಬಾ. ನೇರ ಬಾ. ಸ್ವಲ್ಪ ಎಡಕ್ಕೆ. ಎಡಕ್ಕೆ ಅಂದ್ರೆ ಎಡಕ್ಕೆ, ನನ್ನನ್ನು ನೋಡು. ಬಾ, ಬಾ..."

ಗಾಡಿ ಎರಡು ದೋಣಿಗಳ ನಡುವೆ, ಯಾವುದಕ್ಕೂ ತಾಗದೆ ಹಿಂದೆ ಬಂತು.

"ಖಲಾಸ್!" ಎಂದು ಕೂಗಿ ಹಸನಬ್ಬ ಕೈ ಇಳಿಸಿದ. ನಂತರ ನನ್ನ ಕಡೆ ನೋಡದೆ, ಕೋಲಿಗಾಗಿ ಕೈ ಚಾಚಿದ.